ಮಣಿ ಪೋಣಿಸಿದ ರಿಂಗ್ ಓಲೆ: ಮಣಿಗಿಂತ ಮೊದಲು ತಂತಿ ನೋಡಿ

ಮನೆಯಲ್ಲೇ ಮಣಿ ಓಲೆ ಮಾಡಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ. ದುಂಡಗೆ ಬಗ್ಗಿಸಿದ ರಿಂಗು ನಾಲ್ಕು ದಿನದಲ್ಲಿ ಸೊಟ್ಟಗಾಗುತ್ತದೆ, ಯಾಕೆ? ಕೊಕ್ಕೆ ತಾನಾಗಿ ಬಿಚ್ಚಿಕೊಂಡು ಮಣಿಯೆಲ್ಲ ನೆಲದ ಪಾಲಾಗುತ್ತದೆ, ಏನು ಮಾಡಲಿ? ಹಾಕಿಕೊಂಡ ಅರ್ಧ ದಿನಕ್ಕೆ ಕಿವಿ ಕೆರೆಯಲು ಶುರುವಾಗುತ್ತದೆ, ಮಣಿ ಸರಿಯಿಲ್ಲವೇ?

ಮಣಿಯದ್ದೇನೂ ತಪ್ಪಿಲ್ಲ. ಮೂರಕ್ಕೂ ಉತ್ತರ ತಂತಿಯಲ್ಲಿದೆ. ಕೊಳ್ಳುವಾಗ ನಾವು ಮಣಿಯ ಬಣ್ಣ ನೋಡುತ್ತ ಅರ್ಧ ಗಂಟೆ ನಿಲ್ಲುತ್ತೇವೆ, ತಂತಿಯನ್ನು ಮಾತ್ರ ಕೈಗೆ ಸಿಕ್ಕ ಸುರುಳಿ ಎತ್ತಿಕೊಂಡು ಬರುತ್ತೇವೆ. ಆದ್ದರಿಂದ ಈ ಲೇಖನದಲ್ಲಿ ತಂತಿಗೇ ಹೆಚ್ಚು ಜಾಗ.

ಕೈ ಕೂರಲಿ ಎಂದು ಒಂದೇ ಅಳತೆ ಇಟ್ಟುಕೊಳ್ಳೋಣ: 40 ಮಿಮೀ ಅಗಲದ ರಿಂಗು, 4 ಮಿಮೀ ಗಾಜಿನ ದುಂಡು ಮಣಿ, ಒಂದು ಜೊತೆ. ಮೊದಲ ಸಲ ಇದನ್ನೇ ಮಾಡಿ. ಬದಲಾವಣೆಗಳೆಲ್ಲ ಎರಡನೇ ಜೊತೆಗಿರಲಿ.

ತಂತಿ: ದಪ್ಪ, ಗಡಸು, ಲೋಹ

ತಂತಿಯ ದಪ್ಪವನ್ನು ಗೇಜ್ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಲೆಕ್ಕ ಉಲ್ಟಾ: ಸಂಖ್ಯೆ ದೊಡ್ಡದಾದಷ್ಟೂ ತಂತಿ ಸಣ್ಣ. ಓಲೆಯ ರಿಂಗಿಗೆ ಬೇಕಾದದ್ದು 20 ಗೇಜ್. ಎಡವಟ್ಟಾಗುವುದು ಇಲ್ಲೇ, ಏಕೆಂದರೆ ಗೇಜ್‌ನಲ್ಲಿ ಎರಡು ಪದ್ಧತಿಗಳಿವೆ. ಅಮೆರಿಕನ್ ಪದ್ಧತಿಯ 20 ಗೇಜ್ ಎಂದರೆ 0.81 ಮಿಮೀ, ಬ್ರಿಟಿಷ್ ಪದ್ಧತಿಯ 20 ಗೇಜ್ ಎಂದರೆ 0.91 ಮಿಮೀ. ಒಂದು ಕೂದಲೆಳೆಯಷ್ಟು ವ್ಯತ್ಯಾಸ ಅನ್ನಿಸಬಹುದು. ಆದರೆ 4 ಮಿಮೀ ಗಾಜಿನ ಮಣಿಯ ತೂತು ಇರುವುದೇ ಸುಮಾರು 1 ಮಿಮೀ. ಮೊದಲನೆಯ ತಂತಿಯ ಮೇಲೆ ಮಣಿ ಸಲೀಸಾಗಿ ಜಾರುತ್ತದೆ, ಎರಡನೆಯದರ ಮೇಲೆ ಮೂರರಲ್ಲಿ ಒಂದು ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಗೇಜ್ ಕೇಳುವುದು ಬಿಟ್ಟು ಮಿಲಿಮೀಟರಿನಲ್ಲೇ ಕೇಳಿ: ರಿಂಗಿಗೆ 0.8 ಮಿಮೀ, ಸುತ್ತುವ ಸಣ್ಣ ಕೆಲಸಕ್ಕೆ 0.4 ಮಿಮೀ.

ಇನ್ನೂ ತೆಳು ತಂತಿ ತಂದರೆ ಬಗ್ಗಿಸಲು ಸುಲಭವಲ್ಲವೇ ಎನ್ನುತ್ತೀರಿ. ಸುಲಭ ಹೌದು, ಆದರೆ 0.5 ಮಿಮೀ ತಂತಿ ಮಣಿಯ ಭಾರಕ್ಕೆ ಜೋತುಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ತೆಳು ತಂತಿಗೆ ಭಾರ ಕಟ್ಟಿ ಕಿವಿಗೆ ಹಾಕಿದರೆ ಅದು ದಿನ ಕಳೆದಂತೆ ಕಿವಿಯ ತೂತನ್ನು ಕೆಳಕ್ಕೆ ಕೊಯ್ಯುತ್ತ ಹೋಗುತ್ತದೆ. 1 ಮಿಮೀಗಿಂತ ದಪ್ಪವಾದರೆ ಸಾಮಾನ್ಯ ಕಿವಿಯ ತೂತಿಗೆ ತುರುಕಬೇಕಾಗುತ್ತದೆ.

ಎರಡನೆಯದು ಗಡಸುತನ. ಒಂದೇ ಲೋಹದ, ಒಂದೇ ದಪ್ಪದ ತಂತಿ ಮೆತು, ಅರೆಗಡಸು, ಪೂರ್ತಿ ಗಡಸು ಎಂದು ಮೂರು ಬಗೆಯಲ್ಲಿ ಸಿಗುತ್ತದೆ. ರಿಂಗಿಗೆ ಅರೆಗಡಸು, ಸುತ್ತುವುದಕ್ಕೆ ಮೆತು. ಸುರುಳಿಯ ಮೇಲೆ ಏನೂ ಬರೆದಿಲ್ಲವಾದರೆ ತುದಿಯ ಒಂದು ಗೇಣು ಹಿಡಿದು ಬಗ್ಗಿಸಿ ಬಿಡಿ. ಬಗ್ಗಿಸಿದಲ್ಲೇ ಸುಮ್ಮನೆ ನಿಂತರೆ ಮೆತು. ಸ್ವಲ್ಪ ಹಿಂದಕ್ಕೆ ಪುಟಿದು ನಿಂತರೆ ಅರೆಗಡಸು. ಪೂರ್ತಿ ಹಿಂದಕ್ಕೆ ಚಿಮ್ಮಿದರೆ ಗಡಸು, ಅದು ನಮ್ಮ ಕೆಲಸಕ್ಕಲ್ಲ. ಮೆತು ತಂತಿಯೇ ಸಿಕ್ಕಿತೆಂದು ಬಿಸಾಡಬೇಡಿ. ಲೋಹವನ್ನು ಬಗ್ಗಿಸಿದಷ್ಟೂ ಬಡಿದಷ್ಟೂ ಅದು ಗಟ್ಟಿಯಾಗುತ್ತದೆ, ಐದನೇ ಹಂತದಲ್ಲಿ ಅದನ್ನೇ ಮಾಡುತ್ತೇವೆ. ಆದರೆ ಇದೇ ಗುಣದ ಇನ್ನೊಂದು ಮುಖವೂ ಇದೆ: ಒಂದೇ ಜಾಗದಲ್ಲಿ ನಾಲ್ಕೈದು ಬಾರಿ ಹಿಂದೆ ಮುಂದೆ ಬಗ್ಗಿಸಿದರೆ ಆ ಜಾಗ ಗಟ್ಟಿಯಾಗಿ, ಬಿರುಸಾಗಿ, ಪಟಕ್ಕನೆ ಮುರಿಯುತ್ತದೆ. ತಪ್ಪು ಬಗ್ಗಿಸಿದ್ದನ್ನು ಒಮ್ಮೆ ತಿದ್ದಬಹುದು, ಎರಡನೇ ಸಲ ಹೊಸ ತಂತಿ ಕತ್ತರಿಸುವುದೇ ವಾಸಿ.

ಮೂರನೆಯದು ಲೋಹ. ಕಿವಿ ಕೆರೆತಕ್ಕೆ ಬಹುಪಾಲು ಕಾರಣ ನಿಕ್ಕಲ್. ಅಗ್ಗದ ಬಿಳಿ ಲೋಹಗಳಲ್ಲೂ, ಚಿನ್ನ ಬೆಳ್ಳಿಯ ಬಣ್ಣ ಕೊಟ್ಟ ಎಷ್ಟೋ ತಂತಿಗಳ ಲೇಪದ ಅಡಿಯಲ್ಲೂ ಅದು ಇರುತ್ತದೆ. ಇದೇನೂ ಸಣ್ಣ ವಿಷಯವಲ್ಲ. ಚುಚ್ಚಿದ ಕಿವಿಗೆ ಹಾಕುವ ಆಭರಣದಿಂದ ವಾರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡುಗಡೆಯಾಗಬಾರದು ಎಂದು ಯುರೋಪಿನ ಒಕ್ಕೂಟ ನಿಯಮವನ್ನೇ ಮಾಡಿದೆ. ಹೆಸರು ಕೇಳಿ ಮೋಸಹೋಗಬೇಡಿ: ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯ ಚೂರೂ ಇಲ್ಲ, ಅದು ತಾಮ್ರ, ಸತು, ನಿಕ್ಕಲ್ ಬೆರೆಸಿದ್ದು. ಸರ್ಜಿಕಲ್ ಸ್ಟೀಲ್ ಎಂದು ಮಾರುವ 316ಎಲ್ ಉಕ್ಕಿನಲ್ಲೂ ಶೇ 10ರಿಂದ 14ರಷ್ಟು ನಿಕ್ಕಲ್ ಇದೆ. ಅದು ಉಕ್ಕಿನೊಳಗೆ ಬಿಗಿಯಾಗಿ ಸೇರಿಕೊಂಡಿರುವುದರಿಂದ ಹೊರಬರುವುದು ಬಹಳ ಕಡಿಮೆ, ಹೆಚ್ಚಿನವರಿಗೆ ಒಗ್ಗುತ್ತದೆ. ತೀರಾ ಸೂಕ್ಷ್ಮ ಚರ್ಮದವರು ಮಾತ್ರ ಎಚ್ಚರ.

ಹಾಗಾದರೆ ಯಾವುದು? ಕಲಿಯಲು ತಾಮ್ರ. ಬಗ್ಗುವ ಗುಣ ಚೆನ್ನಾಗಿದೆ, ಹಾಳಾದರೆ ಹೊಟ್ಟೆ ಉರಿಯುವುದಿಲ್ಲ. ಕೈ ಕುದುರಿದ ಮೇಲೆ ಶೇ 92.5 ಶುದ್ಧತೆಯ ಬೆಳ್ಳಿ ತಂತಿ. ನಿಕ್ಕಲ್ ಆಗದವರಿಗೆ ನಿಯೋಬಿಯಂ ಅಥವಾ ಟೈಟಾನಿಯಂ ನೆಮ್ಮದಿ. ಬಣ್ಣದ ಲೇಪವಿರುವ ತಂತಿ ನೋಡಲು ಚೆಂದ, ಆದರೆ ತುದಿಗೆ ಅರ ಹಾಕಿದೊಡನೆ ಲೇಪ ಹೋಗಿ ಒಳಗಿನ ಲೋಹ ಬಯಲಾಗುತ್ತದೆ, ಮತ್ತು ಕಿವಿಯೊಳಗೆ ಹೋಗುವುದು ಅದೇ ತುದಿ. ಮೋಟಾರು ಸುತ್ತುವ ಎನಾಮಲ್ ತಂತಿಯೂ ಕಿವಿಗೆ ಬೇಡ.

ಮಣಿ

ಇಲ್ಲಿ ಹೆಚ್ಚು ಹೇಳುವುದಿಲ್ಲ, ಬಣ್ಣ ನಿಮ್ಮ ಕಣ್ಣಿಗೆ ಬಿಟ್ಟದ್ದು. ಮೂರು ಅಳತೆ ಮಾತ್ರ ತಿಳಿದಿರಲಿ.

ಸೀಡ್ ಬೀಡ್ ಅಂದರೆ ಸಾಸಿವೆ ಕಾಳಿನಂಥ ಸಣ್ಣ ಗಾಜಿನ ಮಣಿ. ಇದರ ಸಂಖ್ಯೆಯೂ ಉಲ್ಟಾ: 11/0 ಎಂದರೆ ಸುಮಾರು 2 ಮಿಮೀ, 8/0 ಸುಮಾರು 3, 6/0 ಸುಮಾರು 4. ಇನ್ನೂ ಸಣ್ಣದಾದ 15/0 ಮಣಿಯ ತೂತಿನಲ್ಲಿ 0.8 ಮಿಮೀ ತಂತಿ ಹೋಗುವುದಿಲ್ಲ. ಮುತ್ತಿನ ತೂತೂ ಹೀಗೇ ಚಿಕ್ಕದು. ಇವೆರಡನ್ನೂ ನೇರವಾಗಿ ಪೋಣಿಸದೆ, ಕೊನೆಯಲ್ಲಿ ಹೇಳಿರುವಂತೆ ಸಣ್ಣ ತಂತಿಯಿಂದ ಸುತ್ತಿ ಕಟ್ಟಬೇಕು.

ಎರಡನೆಯದು ಉದ್ದ. ರಿಂಗು ಬಾಗಿದೆ, ಮಣಿಯ ತೂತು ನೆಟ್ಟಗಿದೆ. ಗಿಡ್ಡ ಮಣಿಗೆ ಇದರಿಂದ ತೊಂದರೆಯಿಲ್ಲ. ಆದರೆ 40 ಮಿಮೀ ರಿಂಗಿನ ಮೇಲೆ 10 ಮಿಮೀ ಉದ್ದದ ಕೊಳವೆ ಮಣಿ ಹಾಕಿದರೆ, ಅಷ್ಟು ದೂರದಲ್ಲಿ ತಂತಿ ಸುಮಾರು 0.6 ಮಿಮೀ ಬಾಗಿರುತ್ತದೆ. ತೂತಿನಲ್ಲಿ ಉಳಿದ ಜಾಗ 0.2 ಮಿಮೀ ಅಷ್ಟೇ. ಒತ್ತಿ ತಳ್ಳಿದರೆ ಒಂದೋ ಗಾಜು ಒಡೆಯುತ್ತದೆ, ಇಲ್ಲವೇ ಆ ಜಾಗದಲ್ಲಿ ರಿಂಗು ನೆಟ್ಟಗಾಗಿ ಷಟ್ಕೋನದಂತೆ ಕಾಣುತ್ತದೆ. ಈ ಅಳತೆಯ ರಿಂಗಿಗೆ 5 ಮಿಮೀ ದಾಟಿದ ಉದ್ದನೆಯ ಮಣಿ ಬೇಡ.

ಮೂರನೆಯದು ತೂಕ. 4 ಮಿಮೀ ಗಾಜಿನ ಮಣಿ ಒಂದಕ್ಕೆ 0.1 ಗ್ರಾಂ ಕೂಡ ಇಲ್ಲ. 25 ಮಣಿ, ತಂತಿ ಎಲ್ಲ ಸೇರಿ ಒಂದು ಓಲೆ 3 ಗ್ರಾಂ ಆಸುಪಾಸು. ಅದೇ 8 ಮಿಮೀ ಸ್ಫಟಿಕದ ಮಣಿ ಒಂದಕ್ಕೆ ಸುಮಾರು 0.7 ಗ್ರಾಂ, ಹನ್ನೆರಡು ಹಾಕಿದರೆ 8 ಗ್ರಾಂ ದಾಟಿತು. ದಿನವಿಡೀ ಹಾಕುವ ಓಲೆ ಒಂದು ಕಿವಿಗೆ 5 ಗ್ರಾಂ ದಾಟಬಾರದು ಎಂಬುದು ನಾನು ಇಟ್ಟುಕೊಂಡಿರುವ ಲೆಕ್ಕ. ನಿಮ್ಮ ಕಿವಿ ಇನ್ನೂ ಕಡಿಮೆ ಕೇಳಬಹುದು.

ಪೋಣಿಸುವ ಮೊದಲು ಒಂದೊಂದು ಮಣಿಯನ್ನೂ ತಂತಿಯ ತುಂಡಿಗೆ ಏರಿಸಿ ನೋಡಿ. ತೂತು ಬಿಗಿಯಿರುವುದು, ತೂತಿನ ಅಂಚು ಒಡೆದಿರುವುದು, ಪಕ್ಕಕ್ಕೆ ವಾಲಿರುವುದು ಎಲ್ಲವನ್ನೂ ಬೇರೆ ಎತ್ತಿಡಿ. ಒಂದು ಪೊಟ್ಟಣದಲ್ಲಿ ಅಂಥವು ಇದ್ದೇ ಇರುತ್ತವೆ.

ಸಲಕರಣೆ

ದುಂಡು ಮೂತಿಯ ಇಕ್ಕಳ ಒಂದು. ಎರಡು ದವಡೆಗಳೂ ಶಂಕುವಿನಂತೆ ತುದಿಗೆ ಸಣ್ಣಗಾಗುತ್ತ ಹೋಗುವಂಥದ್ದು. ಚಪ್ಪಟೆ ಮೂತಿಯ ಇಕ್ಕಳ ಒಂದು, ಅದರ ಒಳಮೈ ನುಣ್ಣಗಿರಬೇಕು. ಮನೆಯಲ್ಲಿರುವ ಸಾಮಾನ್ಯ ಇಕ್ಕಳದ ಹಲ್ಲುಗಳು ತಂತಿಯ ಮೇಲೆ ಗೀರು ಬೀಳಿಸುತ್ತವೆ. ಬೇರೆ ಗತಿಯಿಲ್ಲವೆಂದರೆ ದವಡೆಗೆ ಬಟ್ಟೆಯ ಟೇಪು ಸುತ್ತಿ ಬಳಸಿ. ತಂತಿ ಕತ್ತರಿಸುವ ಕಟ್ಟರ್, ಸಣ್ಣ ಅರ, 400 ಮತ್ತು 600 ಸಂಖ್ಯೆಯ ಉಪ್ಪುಕಾಗದ, ಅಳತೆಪಟ್ಟಿ, ರಬ್ಬರ್ ಅಥವಾ ನೈಲಾನ್ ಸುತ್ತಿಗೆ, ಅದರಡಿ ಇಡಲು ನುಣುಪಾದ ಕಬ್ಬಿಣದ ತುಂಡು.

ಸುತ್ತಲು ಒಂದು ದುಂಡು ಅಚ್ಚು ಬೇಕು. ಗುಳಿಗೆ ಡಬ್ಬಿ, ಪೌಡರ್ ಡಬ್ಬಿ, ಪೈಪಿನ ತುಂಡು ಯಾವುದಾದರೂ ಸರಿ, ಆದರೆ ಅಳತೆ 40 ಮಿಮೀ ಬೇಡ. ತಂತಿ ಹಿಂದಕ್ಕೆ ಪುಟಿಯುವುದರಿಂದ ರಿಂಗು ಅಚ್ಚಿಗಿಂತ ದೊಡ್ಡದಾಗಿಯೇ ನಿಲ್ಲುತ್ತದೆ. 35 ಮಿಮೀ ಅಚ್ಚು ಹುಡುಕಿ. ಡಬ್ಬಿಗೆ ದಾರ ಸುತ್ತಿ ಅಳೆದಾಗ 11 ಸೆಂ.ಮೀ. ಬಂದರೆ ಅದರ ಅಗಲ 35 ಮಿಮೀ.

ಕಣ್ಣಿಗೆ ರಕ್ಷಣೆಯ ಕನ್ನಡಕ ಮರೆಯಬೇಡಿ. ಕತ್ತರಿಸಿದ 3 ಮಿಮೀ ತುಣುಕು ಎಲ್ಲಿಗೆ ಹಾರುತ್ತದೆಂದು ಹೇಳಲಾಗದು. ಕತ್ತರಿಸುವಾಗ ಬೀಳುವ ತುಂಡಿನ ಮೇಲೆ ಬೆರಳಿಟ್ಟುಕೊಂಡಿರಿ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಈ ಕೆಲಸ ಅದು ಮಲಗಿದ ಮೇಲೆ.

ಹಂತ ಹಂತವಾಗಿ

ಒಂದು ಓಲೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಬೇಡಿ. ಪ್ರತಿ ಹಂತವನ್ನೂ ಎರಡಕ್ಕೂ ಒಟ್ಟಿಗೇ ಮಾಡುತ್ತ ಹೋಗಿ. ಇಲ್ಲದಿದ್ದರೆ ಅಕ್ಕತಂಗಿಯರಾಗುತ್ತವೆ, ಅವಳಿಗಳಾಗುವುದಿಲ್ಲ.

1. ತಂತಿ ನೆಟ್ಟಗೆ ಮಾಡಿ ಕತ್ತರಿಸಿ. ಬಟ್ಟೆಯ ಮಡಿಕೆಯಲ್ಲಿ ತಂತಿ ಹಿಡಿದು ಎರಡು ಮೂರು ಸಲ ಎಳೆದರೆ ಸುರುಳಿಯ ಬಾಗು ಹೋಗುತ್ತದೆ. ಉದ್ದದ ಲೆಕ್ಕ ಹೀಗೆ: 40 ಮಿಮೀ ರಿಂಗಿನ ಸುತ್ತಳತೆ 40 × 3.14, ಸುಮಾರು 126 ಮಿಮೀ. ಕುಣಿಕೆಗೆ (ರಿಂಗಿನ ಒಂದು ತುದಿಯ ಸಣ್ಣ ಸುತ್ತು) 9, ಕೊಕ್ಕೆಗೆ (ಅದರೊಳಗೆ ಸಿಕ್ಕುವ ಇನ್ನೊಂದು ತುದಿ) 4, ಕೈತಪ್ಪಿಗೆ 10. ಒಟ್ಟು 15 ಸೆಂ.ಮೀ. ಒಂದೇ ಉದ್ದದ ಎರಡು ತುಂಡು. ಕಟ್ಟರಿನ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಇಳಿಜಾರು ಇರುತ್ತದೆ. ನೀವು ಇಟ್ಟುಕೊಳ್ಳುವ ತುಂಡಿನ ಕಡೆಗೆ ಚಪ್ಪಟೆ ಬದಿ ಇರಲಿ, ತುದಿ ನೇರವಾಗಿ ಕತ್ತರಿಸುತ್ತದೆ. ಅದೇ ಕಟ್ಟರಿನಿಂದ ಮೆಮರಿ ವೈರ್ ಎಂಬ ಗಡಸು ಉಕ್ಕಿನ ತಂತಿ ಕತ್ತರಿಸಿದರೆ ಅಲಗು ಮೊಂಡಾಗಿ ಹಲ್ಲು ಬೀಳುತ್ತದೆ.

2. ಕುಣಿಕೆ ತಿರುಗಿಸಿ. ದುಂಡು ಮೂತಿಯ ಇಕ್ಕಳದಲ್ಲಿ ದವಡೆಯ ದಪ್ಪ ಸುಮಾರು 2 ಮಿಮೀ ಇರುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿಕೊಳ್ಳಿ. ತಂತಿಯ ತುದಿಯನ್ನು ಅಲ್ಲಿ ಕಚ್ಚಿ, ಮಣಿಕಟ್ಟು ತಿರುಗಿಸಿ ಪೂರ್ತಿ ಸುತ್ತು ಹಾಕಿ. ಮೊದಲು ಬರುವ ಆಕಾರ ಒಂದು ಕಡೆಗೆ ವಾಲಿದ ಬಾವುಟದ ಹಾಗಿರುತ್ತದೆ. ಕುಣಿಕೆಯ ಬುಡದಲ್ಲಿ ಇಕ್ಕಳದ ತುದಿ ಇಟ್ಟು ಸ್ವಲ್ಪ ಹಿಂದಕ್ಕೆ ಮುರಿದರೆ ಅದು ತಂತಿಯ ನೇರಕ್ಕೆ ಬಂದು ಕೂರುತ್ತದೆ. ಗುರುತು ಹಾಕಿಕೊಂಡಿದ್ದರಿಂದ ಎರಡನೇ ಓಲೆಯ ಕುಣಿಕೆಯೂ ಅಷ್ಟೇ ದೊಡ್ಡದಾಗಿ ಬರುತ್ತದೆ. ಕುಣಿಕೆಯಲ್ಲಿ ಸಂದಿ ಉಳಿಯಬಾರದು, ತುದಿ ಬುಡಕ್ಕೆ ತಾಗಿರಬೇಕು.

3. ಅಚ್ಚಿಗೆ ಸುತ್ತಿ. ಈ ಹಂತದಲ್ಲಿ ಒಂದು ಸೂಕ್ಷ್ಮವಿದೆ, ಹೆಚ್ಚಿನವರ ಕೊಕ್ಕೆ ನಿಲ್ಲದಿರುವುದು ಇದು ತಪ್ಪಿದ್ದರಿಂದಲೇ. ಕುಣಿಕೆಯನ್ನು ಡಬ್ಬಿಯ ಮೈಗೆ ಚಪ್ಪಟೆಯಾಗಿ, ಅಂಗಿಗೆ ಗುಂಡಿ ಕೂತಂತೆ ಒತ್ತಿಟ್ಟುಕೊಳ್ಳಿ. ಹಾಗೆ ಹೆಬ್ಬೆರಳಲ್ಲಿ ಅದುಮಿಕೊಂಡು ಉಳಿದ ತಂತಿಯನ್ನು ಬಿಗಿಯಾಗಿ ಡಬ್ಬಿಗೆ ಸುತ್ತಿ. ಆಗ ಕುಣಿಕೆಯ ತೂತು ರಿಂಗಿನ ನಡುವಿನಿಂದ ಹೊರಕ್ಕೆ ನೋಡುತ್ತಿರುತ್ತದೆ. ಮುಂದೆ ಕೊಕ್ಕೆ ಒಳಗಿನಿಂದ ಬಂದು ಇದೇ ತೂತಿನಲ್ಲಿ ತಲೆ ಎತ್ತಬೇಕು. ಕುಣಿಕೆ ಪಕ್ಕಕ್ಕೆ ಎದ್ದು ನಿಂತಿದ್ದರೆ ಕೊಕ್ಕೆಗೆ ದಾರಿಯೇ ಇರುವುದಿಲ್ಲ.

4. ಅಳತೆ ನೋಡಿ. ಅಚ್ಚಿನಿಂದ ಬಿಟ್ಟೊಡನೆ ರಿಂಗು ಬಿಚ್ಚಿಕೊಂಡು ದೊಡ್ಡದಾಗುತ್ತದೆ. ಕಾಗದದ ಮೇಲೆ 40 ಮಿಮೀ ವೃತ್ತ ಬರೆದು ಅದರ ಮೇಲಿಟ್ಟು ಹೋಲಿಸಿ. ದೊಡ್ಡದಾಗಿದ್ದರೆ ಇನ್ನೂ ಸಣ್ಣ ಡಬ್ಬಿಗೆ ಒಮ್ಮೆ ಸುತ್ತಿ ಬಿಡಿ. ಬೆರಳಿನಿಂದ ಅಲ್ಲಲ್ಲಿ ಒತ್ತಿ ಸರಿಮಾಡಲು ಹೋದರೆ ಒತ್ತಿದ ಕಡೆಯೆಲ್ಲ ಮೂಲೆ ಬೀಳುತ್ತದೆ.

5. ಗಟ್ಟಿ ಮಾಡಿ. ರಿಂಗನ್ನು ಕಬ್ಬಿಣದ ತುಂಡಿನ ಮೇಲೆ ಮಲಗಿಸಿ ರಬ್ಬರ್ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ಬಡಿಯಿರಿ. ಇಪ್ಪತ್ತು ಮೂವತ್ತು ಪೆಟ್ಟು, ಬದಿ ತಿರುಗಿಸಿ ಮತ್ತೆ ಅಷ್ಟು. ಕುಣಿಕೆಯನ್ನು ಮಾತ್ರ ಅಂಚಿನಾಚೆಗೆ ಬಿಟ್ಟುಕೊಳ್ಳಿ. ತಂತಿ ಚಪ್ಪಟೆಯಾಗಬಾರದು, ಗಟ್ಟಿಯಾದರೆ ಸಾಕು. ಕಬ್ಬಿಣದ ಸುತ್ತಿಗೆಯಿಂದ ಬಡಿದರೆ ತಂತಿ ಅಗಲವಾಗಿ ಮಣಿಯೂ ಏರುವುದಿಲ್ಲ, ಕಿವಿಗೂ ಹೋಗುವುದಿಲ್ಲ. ಈಗ ರಿಂಗನ್ನು ಸ್ವಲ್ಪ ಹಿಗ್ಗಿಸಿ ಬಿಟ್ಟು ನೋಡಿ, ತಾನಾಗಿ ಹಿಂದಕ್ಕೆ ಬರಬೇಕು. ಸೊಟ್ಟಗಾಗುವ ರಿಂಗಿನ ಕಥೆ ಇಲ್ಲಿಗೆ ಮುಗಿಯಿತು. ಮಣಿ ಪೋಣಿಸಿದ ಮೇಲೆ ಎಂದೂ ಬಡಿಯಬೇಡಿ, ಗಾಜು ಪುಡಿಯಾಗುತ್ತದೆ.

6. ಮೊದಲ ತಡೆ ಸುತ್ತಿ. ಕುಣಿಕೆಯ ಪಕ್ಕದಲ್ಲೇ ಮಣಿ ಶುರುವಾದರೆ ಅದು ಕಿವಿಯ ಹಿಂಭಾಗಕ್ಕೆ ಒತ್ತುತ್ತದೆ. ಅಲ್ಲಿ 5 ಮಿಮೀ ಜಾಗವನ್ನು ಸಣ್ಣ ತಂತಿಯ ಸುರುಳಿಯಿಂದ ತುಂಬಿಸಿ. 0.4 ಮಿಮೀ ತಂತಿ 15 ಸೆಂ.ಮೀ. ತೆಗೆದುಕೊಂಡು, ಕುಣಿಕೆಗೆ ತಾಗಿದಂತೆ ಶುರುಮಾಡಿ ಪಕ್ಕಪಕ್ಕಕ್ಕೆ ಹನ್ನೆರಡು ಸುತ್ತು. ಎರಡೂ ತುದಿ ಒತ್ತಿ ಕತ್ತರಿಸಿ, ಉಳಿದ ಮೊನೆಯನ್ನು ಇಕ್ಕಳದಿಂದ ರಿಂಗಿನ ಒಳಮೈ ಕಡೆಗೆ ಅದುಮಿ. ಹೊರಮೈ ಕಡೆ ಬಿಟ್ಟ ಮೊನೆ ಕುತ್ತಿಗೆಯ ಕೂದಲನ್ನೆಲ್ಲ ಹಿಡಿದೆಳೆಯುತ್ತದೆ.

7. ಮಣಿ ಪೋಣಿಸಿ. ಸುತ್ತಳತೆಯ 126 ಮಿಮೀಯಲ್ಲಿ ಕುಣಿಕೆಯ ಕಡೆ 5, ಕೊಕ್ಕೆಯ ಕಡೆ 20 ಬಿಟ್ಟರೆ ಉಳಿಯುವುದು ಸುಮಾರು 100 ಮಿಮೀ. ಅಂದರೆ 4 ಮಿಮೀ ಮಣಿ 25. ಬೆಸ ಸಂಖ್ಯೆ ಬಂದದ್ದು ಒಳ್ಳೆಯದಾಯಿತು: 13ನೆಯದು ನಡುಮಣಿ, ಬೇರೆ ಬಣ್ಣ ಹಾಕುವುದಿದ್ದರೆ ಅಲ್ಲಿಗೆ. ಮಣಿಯನ್ನು ಒಂದೊಂದಾಗಿ ಎತ್ತುವ ಮೊದಲು ಎರಡೂ ಓಲೆಯ ಸಾಲನ್ನು ಬಟ್ಟೆಯ ಮೇಲೆ ಜೋಡಿಸಿಟ್ಟುಕೊಳ್ಳಿ. ಬಟ್ಟೆಯಾದರೆ ಮಣಿ ಉರುಳುವುದಿಲ್ಲ. 11/0 ಮಣಿ ಹಾಕುವವರಿಗೆ ಲೆಕ್ಕ: ಒಂದು ಅಂಗುಲಕ್ಕೆ ಸುಮಾರು 18 ಮಣಿ (ಅಗಲ 2 ಮಿಮೀ ಇದ್ದರೂ ತೂತಿನ ಉದ್ದಕ್ಕೆ ಅವು ಗಿಡ್ಡ). ಸಾಲು ತೀರಾ ಬಿಗಿಯಾಗಿ ತುಂಬಬೇಡಿ. ಕೂದಲೆಳೆಯಷ್ಟು ಸಡಿಲವಿದ್ದರೆ ರಿಂಗನ್ನು ತೆರೆಯುವಾಗ ಮಣಿಗಳು ಒಂದನ್ನೊಂದು ಒತ್ತಿ ಸಿಡಿಯುವುದಿಲ್ಲ.

8. ಎರಡನೇ ತಡೆ. ಕೊನೆಯ ಮಣಿಯ ಪಕ್ಕದಲ್ಲಿ ಚಪ್ಪಟೆ ಇಕ್ಕಳದಿಂದ ರಿಂಗಿನ ತಂತಿಯನ್ನು ಒಂದೇ ಒಂದು ಸಲ ಮೆಲ್ಲಗೆ ಕಚ್ಚಿ, ಕಣ್ಣಿಗೆ ಕಾಣದಷ್ಟು ಚಪ್ಪಟೆ ಬಿದ್ದರೆ ಸಾಕು. ಆ ಜಾಗದ ಮೇಲೆ 0.4 ಮಿಮೀ ತಂತಿಯನ್ನು ಆರು ಸುತ್ತು ಬಿಗಿಯಾಗಿ ಸುತ್ತಿ ಅದುಮಿ. 0.8ರ ಮೇಲೆ ಎರಡೂ ಬದಿಗೆ 0.4 ಸೇರಿದರೆ ಸುರುಳಿಯ ದಪ್ಪ 1.6 ಮಿಮೀ ಆಯಿತು, 1 ಮಿಮೀ ತೂತಿನ ಮಣಿ ಅದನ್ನು ದಾಟಲಾರದು. ಈಗ ಕೊಕ್ಕೆ ತೆರೆದು ತಲೆಕೆಳಗೆ ಹಿಡಿದರೂ ಮಣಿ ಬೀಳಬಾರದು. ನನ್ನ ಮೊದಲ ಜೊತೆಗೆ ಈ ತಡೆಯೇ ಇರಲಿಲ್ಲ. ಶಾಲಿಗೆ ಸಿಕ್ಕಿ ಕೊಕ್ಕೆ ಬಿಚ್ಚಿತು, ತುಂಬಿದ ಸಭೆಯಲ್ಲಿ ಕುರ್ಚಿಯಡಿ ತೆವಳಿ ಮಣಿ ಆಯ್ದೆ. ಅಂಟು ಹಾಕಿದರೆ ಸಾಲದೇ ಎಂದು ಕೇಳುವವರಿಗೆ: ನುಣುಪು ಲೋಹದ ಮೇಲೆ ಅಂಟು ಬಹಳ ದಿನ ನಿಲ್ಲುವುದಿಲ್ಲ, ಕಿವಿಗೆ ತಾಗುವ ಜಾಗದ ಹತ್ತಿರ ಅದು ಬೇಡವೂ ಬೇಡ.

9. ಕೊಕ್ಕೆ ಬಗ್ಗಿಸಿ. ರಿಂಗಿನ ಬಿಟ್ಟ ತುದಿಯನ್ನು ಕುಣಿಕೆಯ ಒಳಬದಿಗೆ ತನ್ನಿ. ಕುಣಿಕೆಯ ತೂತಿನ ನೇರಕ್ಕೆ ಗುರುತು ಹಾಕಿ. ಅಲ್ಲಿಂದ 4 ಮಿಮೀ ಬಿಟ್ಟು ಉಳಿದದ್ದನ್ನು ಕತ್ತರಿಸಿ. ಗುರುತಿನಲ್ಲಿ ಚಪ್ಪಟೆ ಇಕ್ಕಳ ಹಿಡಿದು ತುದಿಯನ್ನು ಹೊರಕ್ಕೆ ಎತ್ತಿ. ಪೂರ್ತಿ ನೆಟ್ಟಗೆ ನಿಲ್ಲಿಸಬೇಡಿ, ಸ್ವಲ್ಪ ಓರೆಯಿದ್ದರೆ ಕಿವಿಯ ತೂತಿನಲ್ಲಿ ನೋವಿಲ್ಲದೆ ಜಾರುತ್ತದೆ. ಕೊಕ್ಕೆಯ ತೋಳು ತಾನೇ ಹೊರಕ್ಕೆ ಒತ್ತುತ್ತಿರುವಂತೆ ರಿಂಗಿನ ಆ ಭಾಗವನ್ನು ಕೂದಲೆಳೆಯಷ್ಟು ಹಿಗ್ಗಿಸಿ. ಆಗ ಕೊಕ್ಕೆ ಕುಣಿಕೆಯೊಳಗೆ ಸದಾ ಒತ್ತಿಕೊಂಡು ನಿಂತಿರುತ್ತದೆ. ಒಳಕ್ಕೆ ಬಾಗಿದ್ದರೆ ನಡೆಯುವಾಗಿನ ಅಲುಗಾಟಕ್ಕೇ ಕಳಚುತ್ತದೆ.

10. ತುದಿ ನುಣ್ಣಗೆ ಮಾಡಿ. ಆತುರಪಡಬಾರದ ಹಂತ ಇದು. ಕತ್ತರಿಸಿದ ತುದಿಯ ಅಂಚು ಬ್ಲೇಡಿನಂತಿರುತ್ತದೆ. ಮೊದಲು ಅರ: ಒಂದೇ ದಿಕ್ಕಿನಲ್ಲಿ ಎಳೆಯುತ್ತ, ತಂತಿಯನ್ನು ತಿರುಗಿಸುತ್ತ ಅಂಚನ್ನು ದುಂಡಗೆ ಮಾಡಿ. ನಂತರ 400ರ ಉಪ್ಪುಕಾಗದ, ಆಮೇಲೆ 600ರದ್ದು. ಬೆರಳ ತುದಿಗೆ ನುಣ್ಣಗೆನ್ನಿಸಿದರೂ ನಂಬಬೇಡಿ, ಬೆರಳ ಚರ್ಮ ದಪ್ಪ. ಸ್ವಲ್ಪ ಹತ್ತಿಯನ್ನು ತುದಿಯ ಮೇಲೆ ಎಳೆಯಿರಿ. ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ಉಪ್ಪುಕಾಗದಕ್ಕೆ ಹೋಗಿ. ಕೊಕ್ಕೆಯ ಮೇಲೆ ಇಕ್ಕಳದ ಗೀರು ಬಿದ್ದಿದ್ದರೆ ಅದನ್ನೂ ಈಗಲೇ ತೆಗೆಯಿರಿ. ನಿಕ್ಕಲ್ ಇಲ್ಲದಿದ್ದರೂ ಕಿವಿ ಕೆಂಪಾಗುವುದು ಈ ಗೀರುಗಳಿಂದ.

11. ಹಾಕುವ ಮೊದಲು. ಕೊಕ್ಕೆಯನ್ನು ಹತ್ತು ಸಲ ತೆರೆದು ಮುಚ್ಚಿ. ತೆರೆಯುವಾಗ ರಿಂಗಿನ ಎರಡು ತುದಿಗಳನ್ನು ಅಗಲಕ್ಕೆ ಎಳೆಯಬಾರದು, ಒಂದನ್ನು ಮುಂದಕ್ಕೆ ಇನ್ನೊಂದನ್ನು ಹಿಂದಕ್ಕೆ ಸರಿಸಬೇಕು. ಅಗಲಕ್ಕೆ ಎಳೆದರೆ ದುಂಡು ಕೆಡುತ್ತದೆ. ತಂತಿಯನ್ನು ಸೋಪು ನೀರಿನಲ್ಲಿ ತೊಳೆದು ಒರೆಸಿ, ಕಿವಿಯೊಳಗೆ ಹೋಗುವ ಭಾಗಕ್ಕೆ ಸ್ಪಿರಿಟ್ ಸವರಿ. ಮುತ್ತು ಅಥವಾ ಬಣ್ಣ ಬಳಿದ ಮಣಿಗೆ ಸ್ಪಿರಿಟ್ ತಾಗದಂತೆ ನೋಡಿಕೊಳ್ಳಿ, ಹೊಳಪು ಹೋಗುತ್ತದೆ. ಹೊಸದಾಗಿ ಚುಚ್ಚಿಸಿದ ಕಿವಿಗೆ ಇದು ಬೇಡ. ಕಿವಿಯ ಹಾಲೆ ಮಾಗಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು, ಅದರ ನಂತರವೂ ನೋವಿದ್ದರೆ ಕಾಯಿರಿ.

ತೂತು ಸಣ್ಣದಿದ್ದರೆ: ಸುತ್ತಿ ಕಟ್ಟುವ ಬಗೆ

ಮುತ್ತು, ತೀರಾ ಸಣ್ಣ ಮಣಿ ಇವುಗಳನ್ನು ರಿಂಗಿನ ಹೊರ ಅಂಚಿಗೆ ತಂತಿಯಿಂದ ಕಟ್ಟುತ್ತಾರೆ. ಮೇಲಿನ 5ನೇ ಹಂತದವರೆಗೆ ಎಲ್ಲವೂ ಹಾಗೇ. ನಂತರ 0.4 ಮಿಮೀ ಮೆತು ತಂತಿಯಿಂದ ರಿಂಗಿಗೆ ಆರು ಸುತ್ತು ಹಾಕಿ ಭದ್ರ ಮಾಡಿಕೊಳ್ಳಿ. ತಂತಿಗೆ ಒಂದು ಮಣಿ ಏರಿಸಿ, ರಿಂಗಿನ ಹೊರಮೈಗೆ ಒತ್ತಿ ಹಿಡಿದು, ಮಣಿಯ ಆಚೆ ಬದಿಯಲ್ಲಿ ಮೂರು ಸುತ್ತು. ಮತ್ತೊಂದು ಮಣಿ, ಮತ್ತೆ ಮೂರು ಸುತ್ತು. ಹೀಗೇ ಸಾಲು. ಮುತ್ತಿನ ತೂತು ಇದಕ್ಕೂ ಸಾಲದಿದ್ದರೆ 0.3 ಮಿಮೀ ತಂತಿ.

ಎಷ್ಟು ತಂತಿ ಬೇಕೆಂದು ಎಲ್ಲರೂ ಕೇಳುತ್ತಾರೆ. ಒಂದು ಸುತ್ತಿಗೆ 4 ಮಿಮೀಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಮೂರು ಸುತ್ತು, ಒಂದು ಮಣಿ ಸೇರಿ ಸುಮಾರು 16 ಮಿಮೀ. 20 ಮಣಿಗೆ 32 ಸೆಂ.ಮೀ. ಆಯಿತು. ಶುರು, ಕೊನೆ, ಕೈ ಹಿಡಿತಕ್ಕೆ ಸೇರಿಸಿ 50 ಸೆಂ.ಮೀ. ಕತ್ತರಿಸಿ. ನಡುವೆ ತಂತಿ ಮುಗಿದು ಹೊಸದು ಸೇರಿಸುವ ಪಾಡು ಬೇಡ, ಎಷ್ಟು ನಾಜೂಕಾಗಿ ಸೇರಿಸಿದರೂ ಗುರುತು ಉಳಿಯುತ್ತದೆ.

ಇದರಲ್ಲಿ ಕಾಡುವ ಒಂದೇ ತೊಂದರೆ ತಂತಿಯ ಸಿಕ್ಕು. ಉದ್ದ ತಂತಿ ಎಳೆಯುವಾಗ ಎಲ್ಲೋ ಒಂದು ಸಣ್ಣ ಉಂಗುರ ಬೀಳುತ್ತದೆ. ನೋಡದೆ ಎಳೆದರೆ ಅದು ಬಿಗಿದು ಮಡಿಕೆಯಾಗುತ್ತದೆ, ನಾಲ್ಕು ಸುತ್ತಾದ ಮೇಲೆ ಅಲ್ಲೇ ತುಂಡಾಗುತ್ತದೆ. ಪ್ರತಿ ಸುತ್ತಿಗೂ ತಂತಿಯನ್ನು ಬೆರಳ ನಡುವೆ ಹಾಯಿಸಿಕೊಂಡೇ ಎಳೆಯಿರಿ. ಉಂಗುರ ಬಿದ್ದದ್ದು ಕಂಡರೆ ನಿಲ್ಲಿಸಿ, ಎರಡೂ ಕೈಯಿಂದ ಅದನ್ನು ಬಿಡಿಸಿ ಅಗಲ ಮಾಡಿ, ಆಮೇಲೆ ಮುಂದಕ್ಕೆ.

ನಿಕ್ಕಲ್ ಆಗದವರಿಗೆ ಒಂದು ಅಡ್ಡದಾರಿ

ರಿಂಗನ್ನೇ ಕಿವಿಗೆ ಹಾಕಬೇಕೆಂದಿಲ್ಲ. ತಾಮ್ರದ ರಿಂಗಿಗೆ ಎರಡೂ ತುದಿಯಲ್ಲಿ ಕುಣಿಕೆ ತಿರುಗಿಸಿ, ನಡುವೆ ಮಣಿ ತುಂಬಿ, ಎರಡು ಕುಣಿಕೆಗಳನ್ನೂ ತಂತಿಯ ಒಂದು ಸಣ್ಣ ಉಂಗುರದಲ್ಲಿ ಸೇರಿಸಿ. ಆ ಉಂಗುರವನ್ನು ಸಿದ್ಧವಾಗಿ ಸಿಗುವ ನಿಯೋಬಿಯಂ ಅಥವಾ ಟೈಟಾನಿಯಂ ಕೊಕ್ಕೆಗೆ ತೂಗುಹಾಕಿ. ಚರ್ಮದೊಳಗೆ ಹೋಗುವುದು ಕೊಕ್ಕೆ ಮಾತ್ರ. ದುಬಾರಿ ಲೋಹ ಬೇಕಾಗುವುದೂ ಅಷ್ಟಕ್ಕೇ. ಮೊದಲ ಜೊತೆಗೆ ಇದೇ ಸುಲಭ ಎಂದು ನನಗನ್ನಿಸುತ್ತದೆ, ಏಕೆಂದರೆ 6, 8, 9ನೇ ಹಂತಗಳ ತಲೆಬಿಸಿ ಇರುವುದಿಲ್ಲ, ಉಪ್ಪುಕಾಗದದ ಕೆಲಸವೂ ಅರ್ಧಕ್ಕೆ ಇಳಿಯುತ್ತದೆ. ಆದರೆ ರಿಂಗ್ ಓಲೆಯ ಅಂದ ಬರುವುದಿಲ್ಲ, ಅದು ತೂಗು ಓಲೆಯೇ ಆಗುತ್ತದೆ.

ಹಾಕಿ ಬಿಚ್ಚಿದ ಮೇಲೆ

ತಾಮ್ರ ಬೆವರಿಗೆ ಕಪ್ಪಾಗುತ್ತದೆ, ಚರ್ಮದ ಮೇಲೆ ಹಸಿರು ಗುರುತು ಬಿಡುತ್ತದೆ. ಗುರುತು ಸೋಪಿಗೆ ಹೋಗುತ್ತದೆ, ಅದು ಅಲರ್ಜಿಯಲ್ಲ. ತುರಿಕೆ, ಕೆಂಪು, ನೀರು ಒಸರುವುದು ಇದ್ದರೆ ಮಾತ್ರ ಓಲೆ ತೆಗೆದಿಡಿ, ಆ ತಂತಿ ನಿಮಗಲ್ಲ. ಕಪ್ಪಾದ ತಾಮ್ರವನ್ನು ನಿಂಬೆರಸಕ್ಕೆ ಚಿಟಿಕೆ ಉಪ್ಪು ಸೇರಿಸಿ ಹತ್ತಿಯಿಂದ ತಿಕ್ಕಿದರೆ ಹೊಳಪು ಬರುತ್ತದೆ, ಕೂಡಲೇ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಓಲೆಯನ್ನೇ ರಸದಲ್ಲಿ ಮುಳುಗಿಸಬೇಡಿ. ಹುಳಿ ಮುತ್ತನ್ನು ತಿನ್ನುತ್ತದೆ, ಮಣಿಯ ಒಳಬಣ್ಣವನ್ನೂ ತೆಗೆಯುತ್ತದೆ.

ಕಪ್ಪಾಗದಿರಲೆಂದು ಕೆಲವರು ಪಾರದರ್ಶಕ ನೇಲ್ ಪಾಲಿಶ್ ಬಳಿಯುತ್ತಾರೆ. ಮಣಿಯ ಭಾಗಕ್ಕೆ ಬಳಿಯಿರಿ, ಅಡ್ಡಿಯಿಲ್ಲ. ಕಿವಿಯೊಳಗೆ ಹೋಗುವ 20 ಮಿಮೀಗೆ ಬೇಡ, ಅದು ಚಕ್ಕೆ ಎದ್ದು ತೂತಿನೊಳಗೇ ಉಳಿಯುತ್ತದೆ.

ಎತ್ತಿಡುವಾಗ ಕೊಕ್ಕೆ ಹಾಕಿಯೇ ಇಡಿ, ತೆರೆದಿಟ್ಟ ರಿಂಗು ಡಬ್ಬಿಯಲ್ಲಿ ಇನ್ನೊಂದಕ್ಕೆ ಸಿಕ್ಕಿ ಬಾಗುತ್ತದೆ. ತಿಂಗಳಿಗೊಮ್ಮೆ ಕೊಕ್ಕೆಯ ಬುಡವನ್ನು ಬೆಳಕಿಗೆ ಹಿಡಿದು ನೋಡಿ. ದಿನವೂ ಬಗ್ಗುವ ಜಾಗ ಅದೊಂದೇ, ಮುರಿಯುವುದಿದ್ದರೆ ಅಲ್ಲೇ. ಸಣ್ಣ ಬಿರುಕು ಕಂಡರೆ ರಿಂಗು ಬದಲಿಸಿ. ಮಣಿಗಳನ್ನು ಹಳೆಯ ತಂತಿಯಿಂದ ನೇರವಾಗಿ ಹೊಸ ತಂತಿಗೆ, ತುದಿಗೆ ತುದಿ ತಾಗಿಸಿ ಜಾರಿಸಿಕೊಂಡರೆ ಜೋಡಿಸಿದ ಸಾಲು ಕೆಡುವುದಿಲ್ಲ.